ಡ್ಯಾಫ್ನಿ ಎಂಬ ಹಡಗು ಮತ್ತು ಗ್ಲಾಸ್ಗೋ ಎಂಜಿನಿಯರುಗಳ ಸಭೆ

ಎಂಜಿನಿಯರಿಂಗ್ ಓದಿದವರಿಗೆಲ್ಲ ರಾಂಕಿನ್ ಹೆಸರು ಗೊತ್ತಿರಲೇಬೇಕು. ಥರ್ಮೋಡೈನಮಿಕ್ಸ್‌ನಲ್ಲಿ ರಾಂಕಿನ್ ಸೈಕಲ್ ಅಂತ ಒಂದು ಬರುತ್ತಲ್ಲ, ಬಾಯ್ಲರು, ಟರ್ಬೈನು, ಕಂಡೆನ್ಸರು, ಪಂಪು ಅಂತ ನಾಲ್ಕು ಡಬ್ಬಿ ಬರೆದು ಬಾಣ ಹಾಕಿದರೆ ಅರ್ಧ ಮಾರ್ಕ್ಸು ಗ್ಯಾರಂಟಿ, ಅದೇ ರಾಂಕಿನ್. ನನ್ನಂಥ ಸಾಫ್ಟ್‌ವೇರ್ ಕೂಲಿಗಳು ಪರೀಕ್ಷೆಯ ಮರುದಿನವೇ ಈ ಮಹಾನುಭಾವನನ್ನು ಮರೆತಿರುತ್ತೇವೆ :-) ಆದರೆ ಈ ಮನುಷ್ಯ ಉಗಿಯಂತ್ರದ ಲೆಕ್ಕಕ್ಕಷ್ಟೇ ಸೀಮಿತ ಅಲ್ಲ. ಹಡಗಿನ ಲೆಕ್ಕವನ್ನೂ ಅಷ್ಟೇ ಗಂಭೀರವಾಗಿ ಮಾಡಿದವನು. 1857ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಅಲ್ಲಿನ ಎಂಜಿನಿಯರುಗಳೆಲ್ಲ ಸೇರಿ ಒಂದು ಸಂಸ್ಥೆ ಕಟ್ಟಿಕೊಂಡಾಗ ಅದರ ಮೊದಲ ಅಧ್ಯಕ್ಷ ಈತನೇ. ಆಗ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು.

ಈ ಸಂಸ್ಥೆಯ ಹೆಸರು 'ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಇನ್ ಸ್ಕಾಟ್ಲೆಂಡ್'. ಇದಾದ ಮೂರು ವರ್ಷಕ್ಕೆ, 1860ರಲ್ಲಿ, ಅಲ್ಲಿನ ಹಡಗು ಕಟ್ಟುವವರು ತಮ್ಮದೇ ಬೇರೆ ಸಂಘ ಮಾಡಿಕೊಂಡರು. 1865ರಲ್ಲಿ ಎರಡೂ ಒಂದಾದವು. ಒಂದಾಗಲೇಬೇಕಿತ್ತು ಬಿಡಿ. ಗ್ಲಾಸ್ಗೋದ ನಡುವೆ ಹರಿಯುವ ಕ್ಲೈಡ್ ನದಿಯ ಎರಡೂ ದಡದಲ್ಲಿ ಹಡಗಿನ ಕಟ್ಟೆಗಳು ಸಾಲುಗಟ್ಟಿ ನಿಂತಿದ್ದವು. ಕಬ್ಬಿಣದ ಹೊಟ್ಟೆ ಕಟ್ಟುವವನು ಒಬ್ಬ, ಅದರೊಳಗೆ ಎಂಜಿನ್ ಇಡುವವನು ಇನ್ನೊಬ್ಬ. ಬೇರೆ ಬೇರೆ ಸಭೆಗಳಲ್ಲಿ ಕೂತು ಇಬ್ಬರೂ ಮಾತಾಡುವುದಾದರೂ ಏನನ್ನು?

ಸಭೆ ನಡೆಯುವ ರೀತಿ ಸರಳ. ಚಳಿಗಾಲದಲ್ಲಿ ಸದಸ್ಯರು ಸೇರುತ್ತಿದ್ದರು. ಒಬ್ಬ ಪ್ರಬಂಧ ಓದುತ್ತಾನೆ, ನಕ್ಷೆ ತೋರಿಸುತ್ತಾನೆ. ಉಳಿದವರು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ, ತಕರಾರು ತೆಗೆಯುತ್ತಾರೆ. ಕೊನೆಗೆ ಓದಿದವನು ಉತ್ತರ ಕೊಡುತ್ತಾನೆ. ಪ್ರಬಂಧ, ತಕರಾರು, ಉತ್ತರ ಮೂರನ್ನೂ ವರ್ಷದ ಕೊನೆಗೆ ಒಂದೇ ಸಂಪುಟದಲ್ಲಿ ಅಚ್ಚು ಹಾಕಿಸುತ್ತಿದ್ದರು. ನನಗೆ ತುಂಬ ಹಿಡಿಸಿದ್ದು ಈ ಪದ್ಧತಿ. ತಕರಾರನ್ನು ಅಳಿಸುವ ಹಾಗಿಲ್ಲ! ನಮ್ಮ ಆಫೀಸುಗಳಲ್ಲಿ ಕೋಡ್ ರಿವ್ಯೂ ಮಾಡುವಾಗ ಕಾಮೆಂಟುಗಳೆಲ್ಲ ಕೋಡಿನ ಜೊತೆಗೇ ಉಳಿಯುತ್ತವಲ್ಲ, ಥೇಟ್ ಹಾಗೆ.

ಆದರೆ ಸಭೆಯಲ್ಲಿ ಕೂತವರು ಯಾರು ನೋಡಿ. ಒಬ್ಬರ ಆರ್ಡರನ್ನು ಇನ್ನೊಬ್ಬರು ಕಿತ್ತುಕೊಳ್ಳಲು ಕಾಯುತ್ತಿರುವ ಕಟ್ಟೆಗಳ ಯಜಮಾನರು, ಅವರ ಮುಖ್ಯ ನಕ್ಷೆಗಾರರು. ಎಷ್ಟು ಹೇಳಬೇಕು, ಎಷ್ಟು ಮುಚ್ಚಿಡಬೇಕು ಎಂಬ ಗೊಂದಲ ಇದ್ದೇ ಇತ್ತು. ಇದಕ್ಕೆ ಸ್ವತಃ ರಾಂಕಿನ್ನನ ಕತೆಯೇ ಸಾಕ್ಷಿ. ಜೇಮ್ಸ್ ರಾಬರ್ಟ್ ನೇಪಿಯರ್ ಅಂತ ಒಬ್ಬ ಹಡಗು ಕಟ್ಟುವವನು ರಾಂಕಿನ್ ಹತ್ತಿರ ಬಂದು, ಇಂಥ ಆಕಾರದ ಹಡಗನ್ನು ಇಷ್ಟು ವೇಗದಲ್ಲಿ ಓಡಿಸಲು ಎಷ್ಟು ಶಕ್ತಿ ಬೇಕು ಅಂತ ಕೇಳಿದ. ರಾಂಕಿನ್ ಒಂದು ಸೂತ್ರ ಕಂಡುಹಿಡಿದುಕೊಟ್ಟ. ನೇಪಿಯರ್ 'ಅಡ್ಮಿರಲ್' ಎಂಬ ಹಡಗಿಗೆ ಅದನ್ನು ಬಳಸಿಯೂ ಬಿಟ್ಟ. ಈಗ ರಾಂಕಿನ್ನನಿಗೆ ಪೇಚಾಟ. ಪ್ರಕಟಿಸಿದರೆ ಗೆಳೆಯನ ವ್ಯಾಪಾರದ ಗುಟ್ಟು ಬೀದಿಗೆ ಬರುತ್ತದೆ, ಪ್ರಕಟಿಸದಿದ್ದರೆ ನಾಳೆ ಬೇರೆಯವನು ಮೊದಲು ಕಂಡುಹಿಡಿದೆ ಅಂತಾನೆ. ಏನು ಮಾಡಿದ ಗೊತ್ತಾ? 1858ರಲ್ಲಿ ಆ ಸಿದ್ಧಾಂತವನ್ನು ಒಂದು ವಾಕ್ಯದಲ್ಲಿ ಬರೆದು, ಅದರೊಳಗೆ 'ಎ' ಅಕ್ಷರ ಇಷ್ಟು, 'ಬಿ' ಇಷ್ಟು, 'ಸಿ' ಇಷ್ಟು ಅಂತ ಎಣಿಸಿ, ಬರೀ ಆ ಎಣಿಕೆಯನ್ನು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದ! ಮೂರು ವರ್ಷದ ನಂತರ, 1861ರಲ್ಲಿ, ತಾನೇ ಒಗಟು ಬಿಡಿಸಿಟ್ಟ. ಸ್ಪ್ರಿಂಗಿನ ನಿಯಮ ಹೇಳಿದ ಹುಕ್ ಕೂಡ 1676ರಲ್ಲಿ ಇದೇ ಉಪಾಯ ಮಾಡಿದ್ದ. ನಮ್ಮ ಕಾಲದಲ್ಲಾಗಿದ್ದರೆ ಹ್ಯಾಶ್ ಪ್ರಕಟಿಸಿದ ಅನ್ನುತ್ತಿದ್ದೆವು.

ಈ ಕತೆ ಯಾಕೆ ಹೇಳಿದೆ ಅಂದರೆ, ಗುಟ್ಟು ಮಾಡುವಷ್ಟು ಬೆಲೆ ಇದ್ದದ್ದು ವೇಗಕ್ಕೆ. ವೇಗ ಅಂದರೆ ಕಲ್ಲಿದ್ದಲು, ಕಲ್ಲಿದ್ದಲು ಅಂದರೆ ದುಡ್ಡು. ಕರಾರಿನಲ್ಲಿ ಬರೆದಷ್ಟು ಗಂಟು ವೇಗ ಬರದಿದ್ದರೆ ಹಡಗು ಕೊಳ್ಳುವವನು ದುಡ್ಡು ಹಿಡಿಯುತ್ತಾನೆ. ಡಂಬಾರ್ಟನ್ ಊರಿನ ವಿಲಿಯಂ ಡೆನಿ 1870ರ ದಶಕದಲ್ಲಿ ತನ್ನ ಹೊಸ ಹಡಗುಗಳನ್ನು ಒಂದೇ ವೇಗದಲ್ಲಲ್ಲ, ನಿಧಾನದಿಂದ ಶುರುಮಾಡಿ ನಾಲ್ಕಾರು ವೇಗಗಳಲ್ಲಿ ಓಡಿಸಿ ಅಳೆಯತೊಡಗಿದ. ಆ ಅಂಕಿಗಳನ್ನು ಸಭೆಗಳ ಮುಂದೆ ಬಿಚ್ಚಿಟ್ಟ ಕೂಡ, ಪ್ರತಿಸ್ಪರ್ಧಿಗಳು ಕೂತಿರುವಾಗಲೇ. ಇದಕ್ಕೆ ದೊಡ್ಡ ಎದೆ ಬೇಕು. ಡೆನಿಯ ಬಗ್ಗೆ ಇನ್ನೂ ಹೇಳುವುದಿದೆ, ಆಮೇಲೆ ಬರುತ್ತೇನೆ.

ಹಡಗಿನ ಬಗ್ಗೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಇದು ನೆಟ್ಟಗೆ ನಿಲ್ಲುತ್ತದಾ?

ಕೆರೆಗೋ ಬಾವಿಗೋ ಖಾಲಿ ಬಿಂದಿಗೆ ಬಿಟ್ಟು ನೋಡಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಖಾಲಿ ಬಿಂದಿಗೆ ನೀರಿನ ಮೇಲೆ ನೆಟ್ಟಗೆ ಕೂರುವುದಿಲ್ಲ, ಮಗ್ಗುಲಾಗಿ ಮಲಗುತ್ತದೆ. ಒಳಗೆ ಸ್ವಲ್ಪ ನೀರು ತುಂಬಿದರೆ ಎದ್ದು ಕೂರುತ್ತದೆ. ಪೂರ್ತಿ ತುಂಬಿದರೆ ಮುಳುಗುತ್ತದೆ. ಹಡಗಿನ ಭಾರವೆಲ್ಲ ಒಂದು ಬಿಂದುವಿನಲ್ಲಿ ಕೆಳಗೆ ಎಳೆಯುತ್ತದೆ ಅಂದುಕೊಳ್ಳಿ, ಅದು ಗುರುತ್ವ ಕೇಂದ್ರ. ನೀರು ಮೇಲೆ ತಳ್ಳುವುದು ಇನ್ನೊಂದು ಬಿಂದುವಿನಲ್ಲಿ, ಮುಳುಗಿದ ಭಾಗದ ನಡುಮಧ್ಯದಲ್ಲಿ. ಹಡಗು ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗಿ ಆ ಎರಡನೆಯ ಬಿಂದು ವಾಲಿದ ಕಡೆಗೆ ಸರಿಯುತ್ತದೆ. ಅಲ್ಲಿಂದ ನೇರ ಮೇಲಕ್ಕೆ ಗೆರೆ ಎಳೆದರೆ ಅದು ಹಡಗಿನ ನಡುಗೆರೆಯನ್ನು ಎಲ್ಲಿ ಕಡಿಯುತ್ತದೋ ಅದು ಮೆಟಾಸೆಂಟರ್. ಗುರುತ್ವ ಕೇಂದ್ರ ಅದಕ್ಕಿಂತ ಕೆಳಗಿದ್ದರೆ ಹಡಗು ವಾಪಸ್ ಏಳುತ್ತದೆ, ಮೇಲಿದ್ದರೆ ಇನ್ನಷ್ಟು ವಾಲುತ್ತದೆ. ಇದನ್ನು ಫ್ರಾನ್ಸಿನ ಪಿಯರ್ ಬೂಗೇ 1746ರಲ್ಲೇ ಬರೆದಿಟ್ಟಿದ್ದ. ಅಂದರೆ ನಮ್ಮ ಕತೆ ನಡೆಯುವ ಹೊತ್ತಿಗೆ ಇದು ನೂರು ವರ್ಷಕ್ಕೂ ಹಳೆಯ ವಿದ್ಯೆ.

ಅಳೆಯುವುದೂ ಕಷ್ಟವಲ್ಲ. ಹಡಗು ನಿಂತ ನೀರಿನಲ್ಲಿರುವಾಗ ಗೊತ್ತಿರುವ ತೂಕವೊಂದನ್ನು ಡೆಕ್ಕಿನ ಮೇಲೆ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಿಸಿ, ಒಳಗೆ ತೂಗುಬಿಟ್ಟ ಗುಂಡು ಎಷ್ಟು ಸರಿಯಿತು ಅಂತ ನೋಡಿದರಾಯಿತು. ಗಾರೆ ಕೆಲಸದವರ ತೂಗುಗುಂಡೇ ಸಾಕು.

ಆದರೆ ಇದು ಹೇಳುವುದು ಹಡಗು ಸ್ವಲ್ಪವೇ ವಾಲಿದಾಗಿನ ಮಾತು. ಮೂವತ್ತು ಡಿಗ್ರಿ, ಐವತ್ತು ಡಿಗ್ರಿ ವಾಲಿದರೆ? ಅದಕ್ಕೆ ಪ್ರತಿ ಕೋನಕ್ಕೂ ಬೇರೆ ಬೇರೆ ಲೆಕ್ಕ ಹಾಕಿ ಒಂದು ರೇಖೆ ಎಳೆಯಬೇಕು. ಕೈಯಲ್ಲೇ ಹಾಕುವ ಲೆಕ್ಕ, ದಿನಗಟ್ಟಲೆ ಹಿಡಿಯುತ್ತಿತ್ತು. ಈ ರೇಖೆಯ ಬೆಲೆ ಏನು ಅಂತ ಲೋಕಕ್ಕೆ ಗೊತ್ತಾಗಿದ್ದು ಗ್ಲಾಸ್ಗೋದಲ್ಲಲ್ಲ, ಇಂಗ್ಲೆಂಡಿನ ನೌಕಾಪಡೆಯಲ್ಲಿ. ಅದನ್ನು ಇಲ್ಲಿ ಹೇಳದೆ ಮುಂದಿನದು ತಿಳಿಯುವುದಿಲ್ಲ.

ಲಂಡನ್ನಿನಲ್ಲೂ ಇಂಥದ್ದೇ ಒಂದು ಸಂಸ್ಥೆ ಇತ್ತು, 1860ರಲ್ಲಿ ಶುರುವಾದ ನೇವಲ್ ಆರ್ಕಿಟೆಕ್ಟ್‌ಗಳದ್ದು. 1868ರ ಸಭೆಯಲ್ಲಿ ನೌಕಾಪಡೆಯ ಮುಖ್ಯ ವಿನ್ಯಾಸಕಾರ ಎಡ್ವರ್ಡ್ ರೀಡ್ ಒಂದು ಪ್ರಬಂಧ ಓದಿದ. ಡೆಕ್ಕು ನೀರಿಗೆ ತೀರಾ ಹತ್ತಿರ ಇರುವ ಹಡಗಿಗೆ ಹಾಯಿ ಕಟ್ಟುವುದು ಅಪಾಯ ಅನ್ನುವುದು ಅದರ ಸಾರ. ಡೆಕ್ಕಿನ ಅಂಚು ನೀರಿಗೆ ಮುಟ್ಟಿದ ಮೇಲೆ ಹಡಗಿಗೆ ಮೇಲೇಳುವ ಶಕ್ತಿ ಬೇಗ ಕುಂದುತ್ತದೆ. ಅದೇ ಹೊತ್ತಿಗೆ ಕೌಪರ್ ಕೋಲ್ಸ್ ಎಂಬ ನೌಕಾಧಿಕಾರಿ ಅಂಥದ್ದೇ ಹಡಗು ಬೇಕು ಅಂತ ಹಟ ಹಿಡಿದಿದ್ದ. ಪತ್ರಿಕೆಗಳು, ಪಾರ್ಲಿಮೆಂಟು ಅವನ ಪರ. ಹಡಗು ತಯಾರಾಯಿತು, ಹೆಸರು 'ಕ್ಯಾಪ್ಟನ್'. ನೀರಿನಿಂದ ಡೆಕ್ಕಿಗೆ 8 ಅಡಿ ಇರಬೇಕಿತ್ತು, ಕಟ್ಟಿ ಮುಗಿಸುವಾಗ ಭಾರ ಹೆಚ್ಚಾಗಿ ಉಳಿದದ್ದು ಸುಮಾರು ಆರೂವರೆ ಅಡಿ. 1870ರ ಜುಲೈನಲ್ಲಿ ತೂಗುಗುಂಡಿನ ಪರೀಕ್ಷೆ ಆಯಿತು. ಹಡಗು ಸಮುದ್ರಕ್ಕೆ ಹೋಯಿತು. 1870ರ ಸೆಪ್ಟೆಂಬರ್ 6-7ರ ನಡುರಾತ್ರಿ ಸ್ಪೇನಿನ ಫಿನಿಸ್ಟೆರೆ ಭೂಶಿರದ ಹತ್ತಿರ ಗಾಳಿಗೆ ಮಗುಚಿತು. 470ಕ್ಕೂ ಹೆಚ್ಚು ಜನ ಸತ್ತರು, ಕೋಲ್ಸ್ ಕೂಡ. ಉಳಿದವರು ಇಪ್ಪತ್ತಕ್ಕಿಂತ ಕಮ್ಮಿ. ಅದೇ ಗಾಳಿಯಲ್ಲಿ, ಅದೇ ದಂಡಿನಲ್ಲಿದ್ದ 'ಮೊನಾರ್ಕ್' ಎಂಬ ಎತ್ತರದ ಹಡಗಿಗೆ ಏನೂ ಆಗಲಿಲ್ಲ. ರೇಖೆ ಎಳೆದು ನೋಡಿದರೆ ಕ್ಯಾಪ್ಟನ್‌ನ ಮೇಲೇಳುವ ಶಕ್ತಿ ಸುಮಾರು 21 ಡಿಗ್ರಿಗೇ ಶಿಖರ ಮುಟ್ಟಿ ಇಳಿಯತೊಡಗುತ್ತಿತ್ತು. ಮೊನಾರ್ಕ್‌ನದ್ದು ಸುಮಾರು 40 ಡಿಗ್ರಿ.

ಹೀಗೆ ಇಡೀ ವೃತ್ತಿಗೆ ಪಾಠ ಆಯಿತು. ಆದರೆ ಪಾಠ ಅರ್ಧವೇ ಆಗಿದ್ದು. ನೀರಿಗೆ ಹತ್ತಿರ ಇರುವ ಹಡಗು ಅಪಾಯ, ಸರಿ. ಹಾಗಾದರೆ ನೀರಿನಿಂದ ಎತ್ತರಕ್ಕೆ ನಿಲ್ಲುವ ಹಡಗು ಕ್ಷೇಮ ಅಂತ ಎಲ್ಲರೂ ಅಂದುಕೊಂಡರು. ಇನ್ನೊಂದು ಕಡೆಯಿಂದ ಪ್ಲಿಮ್ಸಾಲ್ ಎಂಬ ಪಾರ್ಲಿಮೆಂಟ್ ಸದಸ್ಯ ಹಡಗಿಗೆ ಅತಿ ಭಾರ ಹೇರುವುದರ ವಿರುದ್ಧ ಹೋರಾಡಿ, 1876ರಲ್ಲಿ ಹಡಗಿನ ಮೈಮೇಲೆ ಭಾರದ ಗೆರೆ ಎಳೆಯುವ ಕಾನೂನು ಬಂತು. ಒಳ್ಳೆಯದೇ ಆಯಿತು. ಆದರೆ ಅದೂ ಹೇಳುತ್ತಿದ್ದುದು ತುಂಬಿದ ಬಿಂದಿಗೆಯ ಕತೆಯನ್ನೇ. ಖಾಲಿ ಬಿಂದಿಗೆಯ ಕತೆ ಕೇಳುವವರು ಕಮ್ಮಿ ಇದ್ದರು.

ಈಗ ಮತ್ತೆ ಕ್ಲೈಡ್ ನದಿಗೆ ಬರೋಣ. 1883ನೇ ಇಸವಿ. ಆ ವರ್ಷ ಕ್ಲೈಡ್ ಕಟ್ಟೆಗಳು ನೀರಿಗಿಳಿಸಿದ ಹಡಗುಗಳ ಮೊತ್ತ 4 ಲಕ್ಷ ಟನ್ ದಾಟಿತು, ಅಲ್ಲಿಯವರೆಗಿನ ದಾಖಲೆ. ಎಲ್ಲೆಲ್ಲೂ ಕೆಲಸ, ಎಲ್ಲರಿಗೂ ಅವಸರ. ಗೋವನ್ ಪಕ್ಕದ ಲಿಂಟ್‌ಹೌಸ್‌ನಲ್ಲಿ ಅಲೆಕ್ಸಾಂಡರ್ ಸ್ಟೀಫನ್ ಅಂಡ್ ಸನ್ಸ್ ಅವರ ಕಟ್ಟೆ. ಅಲ್ಲಿ ಸ್ಕಾಟ್ಲೆಂಡ್-ಐರ್ಲೆಂಡ್ ನಡುವೆ ಓಡಾಡಲು ಡ್ಯಾಫ್ನಿ ಎಂಬ ಚಿಕ್ಕ ಉಗಿಹಡಗು ಸಿದ್ಧವಾಗುತ್ತಿತ್ತು. ಸುಮಾರು 177 ಅಡಿ ಉದ್ದ. ಜುಲೈ ನಡುವಿನಲ್ಲಿ ಗ್ಲಾಸ್ಗೋ ಜಾತ್ರೆಯ ರಜೆ ಬರುತ್ತದೆ, ಆಗ ಇಡೀ ಊರು ಕೆಲಸ ಬಿಟ್ಟು ಹೊರಡುತ್ತದೆ. ಅದಕ್ಕೆ ಮುಂಚೆ ಕೆಲಸ ಮುಗಿಯಬೇಕು. ಹಾಗಾಗಿ ಜುಲೈ 3ರಂದು ಹಡಗನ್ನು ನೀರಿಗಿಳಿಸುವಾಗ ಬಡಗಿಗಳು, ಫಿಟ್ಟರುಗಳು, ಪೇಂಟರುಗಳು, ಕೆಲಸ ಕಲಿಯುವ ಹುಡುಗರು, ಎಲ್ಲ ಸೇರಿ ಸುಮಾರು 200 ಜನ ಹಡಗಿನ ಮೇಲೆಯೇ ಇದ್ದರು. ನೀರಿಗಿಳಿದ ಕೂಡಲೇ ಕೆಲಸ ಮುಂದುವರಿಸೋಣ ಅಂತ.

ನಮ್ಮೂರ ತೇರು ಎಳೆಯುವುದನ್ನು ನೋಡಿದವರು ಅದನ್ನೇ ನೆನೆಸಿಕೊಳ್ಳಿ. ತೇರು ಹೊರಡಿಸುವುದು ಒಂದು ಕಷ್ಟ ಆದರೆ ಹೊರಟಿದ್ದನ್ನು ನಿಲ್ಲಿಸುವುದು ಇನ್ನೂ ಕಷ್ಟ, ಗಾಲಿಗೆ ಮರದ ತುಂಡು ಕೊಡುವವನ ಜೀವ ಕೈಯಲ್ಲಿರುತ್ತದೆ. ಹಡಗೂ ಹಾಗೆಯೇ. ಜಾರುಮರದ ಮೇಲೆ ಹಿಮ್ಮುಖವಾಗಿ ಜಾರುತ್ತದೆ, ನದಿ ಅಗಲ ಇಲ್ಲವಾದ್ದರಿಂದ ಎದುರು ದಡಕ್ಕೆ ಹೋಗಿ ಬಡಿಯದ ಹಾಗೆ ಸರಪಳಿ, ಲಂಗರುಗಳಿಂದ ತಡೆಯುತ್ತಾರೆ. ಡ್ಯಾಫ್ನಿ ಸರಿಯಾಗಿಯೇ ಜಾರಿತು. ನೀರಿಗಿಳಿದ ಮೇಲೆ ಎಡಕ್ಕೆ ವಾಲಿತು. ವಾಲಿದ್ದು ಏಳಲಿಲ್ಲ. ಕಟ್ಟದೇ ಬಿಟ್ಟಿದ್ದ ಸಾಮಾನುಗಳೆಲ್ಲ ಆ ಕಡೆಗೇ ಜಾರಿದವು, ಜನರೂ ಜಾರಿದರು. ತೆರೆದ ಜಾಗಗಳಿಂದ ನೀರು ನುಗ್ಗಿ ಕೆಲವೇ ನಿಮಿಷಗಳಲ್ಲಿ, ದಡದಲ್ಲಿ ಚಪ್ಪಾಳೆ ತಟ್ಟಲು ನಿಂತವರ ಕಣ್ಣೆದುರೇ ಮುಳುಗಿತು. ಒಳಗೆ ಕೆಲಸಕ್ಕೆ ಹೋದವರಿಗೆ ಹೊರಬರುವ ದಾರಿಯೇ ಸಿಗಲಿಲ್ಲ. ಸತ್ತವರು 124. ಗೋವನ್, ಪಾರ್ಟಿಕ್, ವೈಟಿಂಚ್ ಕೇರಿಗಳ ಮನೆಮನೆಯವರು. ಎಷ್ಟೋ ಜನ ಇನ್ನೂ ಮೀಸೆ ಬರದ ಹುಡುಗರು.

ಸಮುದ್ರ ಇಲ್ಲ, ಬಿರುಗಾಳಿ ಇಲ್ಲ, ಹಾಯಿ ಇಲ್ಲ. ಹಡಗು ಕಟ್ಟುವುದರಲ್ಲಿ ಲೋಕಕ್ಕೇ ಮೇಷ್ಟ್ರಾದ ಊರಿನ ನಡುವೆ, ಅವರದೇ ನದಿಯಲ್ಲಿ.

ಸರ್ಕಾರ ತನಿಖೆಗೆ ಕಳಿಸಿದ್ದು ಯಾರನ್ನು ಗೊತ್ತಾ? ಅದೇ ಎಡ್ವರ್ಡ್ ರೀಡ್‌ನನ್ನು. ಕ್ಯಾಪ್ಟನ್ ಮುಳುಗುವ ಎರಡು ತಿಂಗಳ ಮುಂಚೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹೊರಬಂದವನು, ಆ ಹೊತ್ತಿಗೆ ಪಾರ್ಲಿಮೆಂಟ್ ಸದಸ್ಯ. ಅವನು ಕೊಟ್ಟ ವರದಿಯಂತೆ ಹಡಗಿಗೆ ಆ ಸ್ಥಿತಿಯಲ್ಲಿ ನೆಟ್ಟಗೆ ನಿಲ್ಲುವ ಶಕ್ತಿ ತೀರಾ ಕಮ್ಮಿ ಇತ್ತು, ಅದರ ಮೇಲೆ ಅಷ್ಟು ಜನ ಮತ್ತು ಕಟ್ಟದ ಸಾಮಾನು. ಕಟ್ಟೆಯ ಮೇಲೆ ತಪ್ಪು ಹೊರಿಸಲಿಲ್ಲ. ಓದುವಾಗ ಮೊದಲು ಸಿಟ್ಟು ಬರುತ್ತದೆ, 124 ಜನ ಸತ್ತು ಯಾರದ್ದೂ ತಪ್ಪಿಲ್ಲವಾ ಅಂತ. ಆಮೇಲೆ ಯೋಚಿಸಿದರೆ, ಕಟ್ಟೆಯವರು ರೂಢಿಯಲ್ಲಿದ್ದ ರೀತಿಯನ್ನೇ ಪಾಲಿಸಿದ್ದರು. ನೀರಿಗಿಳಿಯುವ ದಿನದ ಖಾಲಿ ಹಡಗಿನ ಸ್ಥಿರತೆಯನ್ನು ಲೆಕ್ಕ ಹಾಕಿ ನೋಡುವ ರೂಢಿಯೇ ಇರಲಿಲ್ಲ. ನನ್ನ ಸಿಟ್ಟು ಇರುವುದು ಆ ರೂಢಿಯ ಮೇಲೆ. ಒಂದು ಊರಿನ ಅಷ್ಟೂ ಜಾಣರು ಇಪ್ಪತ್ತಾರು ವರ್ಷಗಳಿಂದ ಸಭೆ ಸೇರುತ್ತಿದ್ದಾರೆ, ವೇಗದ ದಶಮಾಂಶಕ್ಕೂ ಚರ್ಚೆ ನಡೆಯುತ್ತದೆ, ಆದರೆ ತಮ್ಮದೇ ಕೆಲಸಗಾರರು ನಿಂತಿರುವ ಖಾಲಿ ಹಡಗಿನ ಪ್ರಶ್ನೆ ರೂಢಿಯನ್ನು ಮುರಿಯುವಷ್ಟು ಜೋರಾಗಿ ಏಳಲಿಲ್ಲ. ಆ ಪ್ರಶ್ನೆಗೆ ದುಡ್ಡು ಕೊಡುವ ಗಿರಾಕಿ ಇರಲಿಲ್ಲ, ಅಷ್ಟೇ. ನಮ್ಮಲ್ಲೂ ಫೀಚರಿಗೆ ಸಿಗುವ ಟೆಸ್ಟಿಂಗು ಇನ್‌ಸ್ಟಾಲೇಷನ್ನಿಗೆ ಸಿಗುವುದಿಲ್ಲ, ಆದರೆ ನಮ್ಮಲ್ಲಿ ಹೆಚ್ಚೆಂದರೆ ಒಂದು ರಾತ್ರಿಯ ನಿದ್ದೆ ಹೋಗುತ್ತದೆ.

ಮುಂದೆ ಆದದ್ದು ಮಾತ್ರ ಮೆಚ್ಚುವಂಥದ್ದು. ಫ್ರಾನ್ಸಿಸ್ ಎಲ್ಗರ್ ಎಂಬ ನೇವಲ್ ಆರ್ಕಿಟೆಕ್ಟ್ ಡ್ಯಾಫ್ನಿಯ ಸ್ಥಿರತೆಯ ಲೆಕ್ಕಗಳನ್ನು ಕೈಗೆತ್ತಿಕೊಂಡ. 1884ರಲ್ಲಿ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಕೊಟ್ಟ. ಹಡಗು ನೀರಿನಲ್ಲಿ ಎಷ್ಟು ಆಳ ಮುಳುಗಿದೆ ಅನ್ನುವುದರ ಜೊತೆ ಸ್ಥಿರತೆ ಹೇಗೆ ಬದಲಾಗುತ್ತದೆ ಅನ್ನುವುದು ವಿಷಯ. ಅವನು ತೋರಿಸಿದ್ದು ಇದು: ತೀರಾ ತುಂಬಿ ಡೆಕ್ಕು ನೀರಿಗೆ ಹತ್ತಿರವಾದ ಹಡಗಿನಷ್ಟೇ, ತೀರಾ ಖಾಲಿಯಾಗಿ ಮೇಲೆ ತೇಲುವ ಹಡಗೂ ಅಪಾಯಕಾರಿ ಆಗಬಹುದು. ಎರಡೂ ಒಂದೇ ಲೆಕ್ಕದ ಎರಡು ತುದಿಗಳು. ಖಾಲಿ ಹಡಗು ಮೊದಲ ಒಂದೆರಡು ಡಿಗ್ರಿ ವಾಲಿದಾಗ ಗಟ್ಟಿಯಾಗಿದೆ ಅನ್ನಿಸಿದರೂ, ಇನ್ನು ಸ್ವಲ್ಪ ವಾಲುವಷ್ಟರಲ್ಲಿ ಆ ಶಕ್ತಿ ಕರಗಿಹೋಗಬಹುದು. ಕ್ಯಾಪ್ಟನ್ ಕಲಿಸಿದ ಪಾಠದ ಉಳಿದರ್ಧ ಅಂದರೆ ಇದೇ. ರೀಡ್ ಕೂಡ ಸುಮ್ಮನೆ ಕೂರದೆ ಹಡಗಿನ ಸ್ಥಿರತೆಯ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದ.

ಆದರೆ ಪ್ರತಿ ಆಳಕ್ಕೂ, ಪ್ರತಿ ಕೋನಕ್ಕೂ ಲೆಕ್ಕ ಅಂದರೆ ಯಾರಿಗೆ ಪುರಸೊತ್ತು? ಇಲ್ಲಿ ಮತ್ತೆ ವಿಲಿಯಂ ಡೆನಿ ಬರುತ್ತಾನೆ. 1884ರಲ್ಲಿ ಲಂಡನ್ನಿನ ಸಭೆಯಲ್ಲಿ ಆತ 'ಕ್ರಾಸ್ ಕರ್ವ್ಸ್' ಎಂಬ ವಿಧಾನ ಮುಂದಿಟ್ಟ. ಒಂದು ಕೋನ ಹಿಡಿದುಕೊಳ್ಳಿ, ಹಡಗು ಖಾಲಿಯಿಂದ ತುಂಬುವವರೆಗೆ ಆ ಕೋನದಲ್ಲಿ ಸ್ಥಿರತೆ ಹೇಗಿರುತ್ತದೆ ಅಂತ ಒಂದು ರೇಖೆ ಎಳೆಯಿರಿ. ಹೀಗೆ ನಾಲ್ಕಾರು ಕೋನಗಳಿಗೆ ಎಳೆದಿಟ್ಟರೆ, ಆಮೇಲೆ ಹಡಗಿನ ತೂಕ ಎಷ್ಟೇ ಇರಲಿ, ಆ ಜಾಗದಲ್ಲಿ ಅಡ್ಡ ಗೆರೆ ಹಾಕಿ ಓದಿಕೊಂಡರೆ ಸಾಕು. ನಮ್ಮ ಭಾಷೆಯಲ್ಲಿ ಲುಕಪ್ ಟೇಬಲ್. ಇದರ ಹಿಂದಿನ ಬೇಸರದ ಕೂಡುಕಳೆಯುವ ಕೆಲಸಕ್ಕೆ ಸ್ವಿಟ್ಜರ್‌ಲೆಂಡಿನ ಆಮ್ಸ್ಲರ್ ತಯಾರಿಸಿದ ಇಂಟಿಗ್ರೇಟರ್ ಯಂತ್ರ ಇತ್ತು. ನಕ್ಷೆಯ ಅಂಚಿನ ಮೇಲೆ ಅದರ ಮೊಳೆ ಸುತ್ತಿಸಿದರೆ ಚಕ್ರಗಳು ತಿರುಗಿ ವಿಸ್ತೀರ್ಣ, ಮೊಮೆಂಟು ಎಲ್ಲ ಹೇಳುತ್ತದೆ. ದಿನಗಟ್ಟಲೆಯ ಲೆಕ್ಕವನ್ನು ಕಟ್ಟೆಯ ನಕ್ಷೆಕೋಣೆಯಲ್ಲೇ ಮಾಡುವಂತಾಯಿತು. ಕ್ರಾಸ್ ಕರ್ವ್ಸ್ ಇವತ್ತಿಗೂ ಹಡಗು ವಿನ್ಯಾಸದ ಪಾಠಗಳಲ್ಲಿದೆ.

ಇದೇ ಡೆನಿ 1883ರಲ್ಲಿ ಡಂಬಾರ್ಟನ್ನಿನ ತನ್ನ ಕಟ್ಟೆಯಲ್ಲಿ ಸುಮಾರು 100 ಮೀಟರ್ ಉದ್ದದ ನೀರಿನ ತೊಟ್ಟಿಯನ್ನೂ ಶುರು ಮಾಡಿದ್ದ, ಮೇಣದ ಮಾದರಿ ಹಡಗುಗಳನ್ನು ಎಳೆದು ಪರೀಕ್ಷಿಸಲು. ಖಾಸಗಿ ಕಟ್ಟೆಯೊಂದು ಇಂಥದ್ದನ್ನು ಕಟ್ಟಿಸಿದ್ದು ಅದೇ ಮೊದಲು. ಈ ವಿಧಾನ ಕಂಡುಹಿಡಿದ ವಿಲಿಯಂ ಫ್ರೂಡ್‌ಗೆ ಹಿಂದೆ, ಪೂರ್ಣ ಗಾತ್ರದ ಹಡಗನ್ನೇ ಎಳೆದು ನೋಡಬೇಕು ಅಂದವರ ಸಮಿತಿಯಲ್ಲಿ ಒಂಟಿಯಾಗಿ ಭಿನ್ನಮತ ಬರೆಯಬೇಕಾಗಿ ಬಂದಿತ್ತು. ಸಮಿತಿಯ ಆ ಕಡೆ ಕೂತಿದ್ದವರಲ್ಲಿ ನಮ್ಮ ರಾಂಕಿನ್ನನೂ ಒಬ್ಬ! ದೊಡ್ಡವರ ಮಾತೆಲ್ಲ ಸರಿ ಇರಬೇಕು ಅಂತೇನಿಲ್ಲವಲ್ಲ. ಡೆನಿ ತನ್ನ ತೊಟ್ಟಿಯ ಕಟ್ಟಡದ ಗೋಡೆಯಲ್ಲಿ ಫ್ರೂಡ್ ನೆನಪಿಗೆ ಕಲ್ಲು ಹಾಕಿಸಿದ. ಪಾಪ, ಡೆನಿ ಬಹಳ ಕಾಲ ಬಾಳಲಿಲ್ಲ. 1887ರಲ್ಲಿ ದೂರದ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡ, ಇನ್ನೂ ನಲವತ್ತು ತುಂಬಿರಲಿಲ್ಲ.

ಇನ್ನೊಬ್ಬರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಜಾನ್ ಎಲ್ಡರ್ ಅಂತ ಒಬ್ಬ ಎಂಜಿನಿಯರ್, ಒಮ್ಮೆ ಬಳಸಿದ ಉಗಿಯನ್ನು ಎರಡನೇ ಸಿಲಿಂಡರಿಗೆ ಬಿಟ್ಟು ಕಲ್ಲಿದ್ದಲು ಉಳಿಸುವ ಕಾಂಪೌಂಡ್ ಎಂಜಿನ್ನನ್ನು 1854ರಲ್ಲಿ ಹಡಗಿಗೆ ಕೂರಿಸಿದವನು. 1869ರಲ್ಲಿ ಗ್ಲಾಸ್ಗೋದ ಆ ಸಂಸ್ಥೆಗೆ ಅಧ್ಯಕ್ಷನಾಗಿ ಆಯ್ಕೆಯಾದ, ಅದೇ ವರ್ಷ 45ನೇ ವಯಸ್ಸಿಗೆ ತೀರಿಹೋದ. ಹೆಂಡತಿ ಇಸಬೆಲ್ಲಾ ಎಲ್ಡರ್ ಕೆಲವು ತಿಂಗಳು ಆ ದೊಡ್ಡ ಕಟ್ಟೆಯನ್ನು ತಾನೇ ನಡೆಸಿದಳು, ಸಾವಿರಾರು ಕೆಲಸಗಾರರಿದ್ದ ಕಟ್ಟೆ. ಹೆಂಗಸರಿಗೆ ಸಭೆಯಲ್ಲಿ ಕುರ್ಚಿ ಇರಲಿಲ್ಲವಾದ ಕಾಲ, ನೆನಪಿರಲಿ. 1883ರಲ್ಲಿ ಆಕೆ 12,500 ಪೌಂಡ್ ಕೊಟ್ಟು ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗಂಡನ ಹೆಸರಿನಲ್ಲಿ ನೇವಲ್ ಆರ್ಕಿಟೆಕ್ಚರ್ ಪೀಠ ಸ್ಥಾಪಿಸಿದಳು. ಅದಕ್ಕೆ ಬಂದ ಮೊದಲ ಪ್ರೊಫೆಸರ್ ಡ್ಯಾಫ್ನಿಯ ಲೆಕ್ಕ ಹಾಕಿದ ಎಲ್ಗರ್. ಗೋವನ್ ಜನರಿಗಾಗಿ ಆಕೆಯೇ ಕೊಟ್ಟ ಎಲ್ಡರ್ ಪಾರ್ಕ್ 1885ರಲ್ಲಿ ತೆರೆಯಿತು. ಈಗ ಆ ಪಾರ್ಕಿನಲ್ಲಿ ಡ್ಯಾಫ್ನಿಯಲ್ಲಿ ಸತ್ತವರ ಸ್ಮಾರಕ ಒಂದಿದೆ, ನದಿಯ ಆಚೆ ದಡದ ವಿಕ್ಟೋರಿಯಾ ಪಾರ್ಕಿನಲ್ಲಿ ಇನ್ನೊಂದು.

ಲಿಂಟ್‌ಹೌಸ್ ಕಟ್ಟೆಯ 1872ರ ಎಂಜಿನ್ ಶಾಪನ್ನು ಮುಂದೆ ಬಿಚ್ಚಿ ಅರ್ವಿನ್ ಎಂಬ ಊರಿಗೆ ತಂದು ಮತ್ತೆ ನಿಲ್ಲಿಸಿದ್ದಾರೆ, ಈಗ ಅದು ಸ್ಕಾಟಿಷ್ ಮ್ಯಾರಿಟೈಮ್ ಮ್ಯೂಸಿಯಂ. ಡೆನಿಯ ತೊಟ್ಟಿಯೂ ಅದೇ ಮ್ಯೂಸಿಯಂಗೆ ಸೇರಿದೆ.

ಡ್ಯಾಫ್ನಿಯನ್ನು ನದಿಯಿಂದ ಮೇಲೆತ್ತಿದರು. ರಿಪೇರಿ ಮಾಡಿ, ಕೆಲಸ ಮುಗಿಸಿ, 'ರೋಸ್' ಅಂತ ಹೊಸ ಹೆಸರಿಟ್ಟು ಓಡಿಸಿದರು.